ಒಸಡಿನಂಚಿನಲ್ಲಿ ಸವೆದ ಹಲ್ಲಿಗೆ ಯಾವ ಫಿಲ್ಲಿಂಗ್? ಆರಿಸಿಕೊಳ್ಳುವ ಬಗೆ

ಕನ್ನಡಿಯ ಮುಂದೆ ನಿಂತು, ಮೇಲ್ದುಟಿಯನ್ನು ಬೆರಳಿನಿಂದ ಎತ್ತಿ ಹಿಡಿದು, ಕೋರೆಹಲ್ಲಿನ ಪಕ್ಕದ ಹಲ್ಲಿನ ಮೇಲೆ ಉಗುರನ್ನು ಅದರ ತುದಿಯಿಂದ ಒಸಡಿನ ಕಡೆಗೆ ನಿಧಾನವಾಗಿ ಜಾರಿಸಿ ನೋಡಿ. ಒಸಡು ಮುಟ್ಟುವುದಕ್ಕೆ ಸ್ವಲ್ಪ ಮೊದಲು ಉಗುರು ಮೆಟ್ಟಿಲೊಂದಕ್ಕೆ ಸಿಕ್ಕಿಕೊಂಡಂತೆ ನಿಂತರೆ, ಅಥವಾ ಅಲ್ಲಿ ಮುಟ್ಟಿದೊಡನೆ ಹಲ್ಲು ಜುಂ ಎಂದರೆ, ಆ ಜಾಗ ಸವೆದಿದೆ ಎಂದು ತಿಳಿಯಬೇಕು. ಹಾಸನದ ಧನುರ್ಮಾಸದ ಒಂದು ಬೆಳಿಗ್ಗೆ ನಲ್ಲಿಯ ನೀರಿನಲ್ಲಿ ಬಾಯಿ ಮುಕ್ಕಳಿಸುವಾಗ ಎಡಗಡೆಯ ಮೇಲಿನ ಎರಡು ಹಲ್ಲುಗಳು ಹೀಗೆ ಜುಂ ಎಂದದ್ದರಿಂದಲೇ ನನಗೆ ಈ ಸಂಗತಿ ಗೊತ್ತಾಯಿತು. ಆಗ ಹಾಕಿಸಿಕೊಂಡ ಫಿಲ್ಲಿಂಗ್ ಐದು ತಿಂಗಳಿಗೆ ಉದುರಿಹೋಯಿತು. ಬೇರೆ ಕಡೆ ಬೇರೆ ವಸ್ತುವಿನಲ್ಲಿ ಮಾಡಿಸಿದ್ದು ನಾಲ್ಕು ವರ್ಷವಾದರೂ ಭದ್ರವಾಗಿದೆ. ಮೂಡಿಗೆರೆಯಲ್ಲಿರುವ ನನ್ನ ಅಮ್ಮನ ಹಲ್ಲುಗಳಿಗೆ ಹಾಕಿರುವುದು ಇವೆರಡೂ ಅಲ್ಲದ ಮೂರನೆಯ ಬಗೆ. ನಾನು ದಂತವೈದ್ಯನಲ್ಲ. ಆದರೆ ಎರಡು ಬಾಯಿಗಳಲ್ಲಿ ಮೂರು ವಸ್ತುಗಳನ್ನು ಕಂಡು, ವೈದ್ಯರನ್ನು ಕೇಳಿ ಕೇಳಿ, ಓದಿ ತಿಳಿದುಕೊಂಡದ್ದನ್ನು, ಕುರ್ಚಿಯಲ್ಲಿ ಒರಗುವ ಮೊದಲೇ ನಿಮಗೂ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ಈ ಜಾಗದ ಕಷ್ಟವನ್ನು ಅರ್ಥ ಮಾಡಿಕೊಳ್ಳದೆ ವಸ್ತುಗಳನ್ನು ಹೋಲಿಸಲು ಹೊರಟರೆ ದಾರಿ ತಪ್ಪುತ್ತದೆ. ಹಲ್ಲಿನ ತಲೆಯ ಮೇಲೆ ದಪ್ಪವಾಗಿರುವ ಎನಾಮಲ್ ಎಂಬ ಗಟ್ಟಿ ಹೊರಪದರ ಒಸಡಿನ ಕಡೆಗೆ ಬರುತ್ತಾ ತೆಳುವಾಗಿ, ಕೊನೆಗೆ ಚಾಕುವಿನ ಅಂಚಿನಂತಾಗಿ ಮುಗಿದುಹೋಗುತ್ತದೆ. ಅದರ ಕೆಳಗಿರುವುದು ಬೇರಿನ ಮೃದುವಾದ ಡೆಂಟಿನ್. ಡೆಂಟಿನ್ನಿನ ತುಂಬ ಕಣ್ಣಿಗೆ ಕಾಣದ ಸಣ್ಣ ನಾಳಗಳಿದ್ದು, ಅವುಗಳೊಳಗಿನ ದ್ರವ ತಣ್ಣನೆಯ ನೀರಿಗೂ ಗಾಳಿಗೂ ಅಲುಗಾಡುವುದರಿಂದ ನರಕ್ಕೆ ಚುಚ್ಚಿದಂತಾಗುತ್ತದೆ. ದವಡೆಹಲ್ಲಿನ ನಡುವಿನ ಹುಳುಕನ್ನು ಕೊರೆದಾಗ ಸಿಗುವಂಥ, ನಾಲ್ಕೂ ಕಡೆ ಗೋಡೆಯಿರುವ ಕುಳಿ ಇಲ್ಲಿ ಇರುವುದಿಲ್ಲ. ತೆರೆದ ಬೋಗುಣಿಯಂಥ ಅಥವಾ ಮರಕ್ಕೆ ಮಚ್ಚಿನಿಂದ ಕಚ್ಚು ಹಾಕಿದಂಥ ಒಂದು ತಗ್ಗು ಇರುತ್ತದೆ, ಅಷ್ಟೆ. ಅದರೊಳಗೆ ಕೂತದ್ದು ಅಂಟಿನ ಬಲದಿಂದ ಮಾತ್ರ ನಿಲ್ಲಬೇಕು. ಅಂಟಿಸುವ ಹೊತ್ತಿಗೆ ಪಕ್ಕದಲ್ಲೇ ಒಸಡು ತನ್ನ ಸಂದಿನಿಂದ ತೇವವನ್ನು ಒಸರುತ್ತಲೇ ಇರುತ್ತದೆ. ಆದ್ದರಿಂದ ಇಲ್ಲಿ ಫಿಲ್ಲಿಂಗ್ ಎಷ್ಟು ಗಟ್ಟಿ ಎಂಬ ಪ್ರಶ್ನೆಗಿಂತ, ಆ ಹಲ್ಲಿಗೆ, ಆ ತೇವದಲ್ಲಿ, ಅದು ಎಷ್ಟು ಚೆನ್ನಾಗಿ ಅಂಟುತ್ತದೆ ಎಂಬ ಪ್ರಶ್ನೆಯನ್ನೇ ಮೊದಲು ಕೇಳಬೇಕು. ಜಗಿಯುವ ಭಾರ ಈ ಜಾಗಕ್ಕೆ ನೇರವಾಗಿ ಬೀಳುವುದಿಲ್ಲ.

ಸವೆತದ ಕಾರಣವನ್ನು ಮೊದಲು ಹುಡುಕಿ

ಕಾರಣ ಹಾಗೆಯೇ ಮುಂದುವರಿದರೆ ಹೊಸ ಫಿಲ್ಲಿಂಗೂ ಸವೆಯುತ್ತದೆ, ಅದರ ಅಂಚಿನಲ್ಲಿ ಹಲ್ಲೂ ಸವೆಯುತ್ತದೆ. ಗಟ್ಟಿ ಬ್ರಷ್ಷಿನಿಂದ ಅಡ್ಡಡ್ಡಲಾಗಿ ತಿಕ್ಕುವವರಲ್ಲಿ, ಒರಟಾದ ಹಲ್ಲುಪುಡಿ, ಇದ್ದಿಲು, ಬೂದಿ, ಉಪ್ಪುಗಳಿಂದ ಉಜ್ಜುವವರಲ್ಲಿ ಸಾಮಾನ್ಯವಾಗಿ ಚೂಪಾದ ಕಚ್ಚು ಕಾಣುತ್ತದೆ. ಬಲಗೈಯಲ್ಲಿ ಉಜ್ಜುವವರಿಗೆ ಎಡಬದಿಯಲ್ಲೇ ಇದು ಹೆಚ್ಚಾಗಿರುವುದುಂಟು. ನನ್ನದು ಹಾಗೆಯೇ ಇತ್ತು. ಅಗಲವಾಗಿ, ಆಳವಿಲ್ಲದೆ, ನುಣುಪಾಗಿ ಹೊಳೆಯುವ ತಗ್ಗಾದರೆ ಆಮ್ಲವನ್ನು ಶಂಕಿಸಬೇಕು: ನಿಂಬೆಹುಳಿ, ಬಾಟಲಿಯ ತಂಪು ಪಾನೀಯ, ಅಥವಾ ರಾತ್ರಿ ಗಂಟಲಿಗೆ ಏರಿಬರುವ ಹುಳಿತೇಗು. ಹಲ್ಲು ಕಚ್ಚಿದಾಗ ಕುತ್ತಿಗೆಯ ಬಳಿ ಬಾಗುವುದರಿಂದಲೂ ಅಲ್ಲಿ ಚೂರುಚೂರಾಗಿ ಒಡೆಯುತ್ತದೆ ಎಂಬ ವಾದಕ್ಕೆ 1991ರಲ್ಲಿ ಗ್ರಿಪ್ಪೋ ಎಂಬ ಅಮೆರಿಕದ ದಂತವೈದ್ಯರು ಅಬ್‌ಫ್ರ್ಯಾಕ್ಷನ್ ಎಂಬ ಹೆಸರನ್ನು ಕೊಟ್ಟರು. ಅದೊಂದೇ ಕಾರಣವಾಗಿ ಸವೆತ ಉಂಟಾಗುತ್ತದೆಯೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಹೆಚ್ಚಿನವರ ಬಾಯಲ್ಲಿ ಎರಡು ಮೂರು ಕಾರಣಗಳು ಕೂಡಿಯೇ ಕೆಲಸ ಮಾಡಿರುತ್ತವೆ.

ನಮ್ಮ ಕಡೆ ಎಲ್ಲರೂ ಕೇಳುವ ಪ್ರಶ್ನೆ ಕಾಫಿಯದು. ಆಮ್ಲತೆಯ ಅಳತೆಯಾದ ಪಿಎಚ್ ಕಾಫಿಯಲ್ಲಿ ಸುಮಾರು 5. ನಿಂಬೆರಸದ್ದು 2ರ ಆಸುಪಾಸು. ಪಿಎಚ್ ಪ್ರಮಾಣದಲ್ಲಿ ಒಂದೊಂದು ಅಂಕಿ ಇಳಿದಂತೆ ಆಮ್ಲತೆ ಹತ್ತು ಪಟ್ಟು ಹೆಚ್ಚುವುದರಿಂದ, ಸವೆತದ ವಿಷಯದಲ್ಲಿ ಕಾಫಿಯನ್ನು ನಿಂಬೆಯ ಸಾಲಿಗೆ ಸೇರಿಸುವುದು ಸರಿಯಲ್ಲ, ಅದರಲ್ಲೂ ಹಾಲು ಬೆರೆಸಿದ ಕಾಫಿಯನ್ನು. ಆದರೆ ಕಾಫಿಗೂ ಫಿಲ್ಲಿಂಗಿಗೂ ಬೇರೆ ಎರಡು ಸಂಬಂಧಗಳಿವೆ, ಅವುಗಳನ್ನು ಮುಂದೆ ಹೇಳುತ್ತೇನೆ.

ತುಂಬಿಸಲೇಬೇಕೇ ಎಂಬುದನ್ನೂ ಕೇಳಿ. ಆಳ 1 ಮಿಲಿಮೀಟರಿಗಿಂತ ಕಡಿಮೆಯಿದ್ದು, ಹುಳುಕಿಲ್ಲದೆ, ಜುಂ ಎನ್ನುವುದಷ್ಟೇ ತೊಂದರೆಯಾಗಿದ್ದರೆ, ಮೃದುವಾದ ಬ್ರಷ್ಷು, ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟು, ಮತ್ತು ವೈದ್ಯರು ಹಚ್ಚುವ ಫ್ಲೋರೈಡ್ ವಾರ್ನಿಷ್‌ಗಳಿಂದ ಕೆಲವು ವಾರಗಳಲ್ಲಿ ಸಮಾಧಾನ ಸಿಗುವುದುಂಟು. ಒಸಡು ಬಹಳ ಹಿಂದಕ್ಕೆ ಸರಿದಿದ್ದರೆ ಬೇರನ್ನು ಮುಚ್ಚುವ ಒಸಡಿನ ಚಿಕಿತ್ಸೆ ಸಾಧ್ಯವೇ ಎಂಬುದನ್ನು ಫಿಲ್ಲಿಂಗಿಗೆ ಮೊದಲೇ ವಿಚಾರಿಸಬೇಕು. ಜುಂ ಎನ್ನುವುದು ಕಡಿಮೆಯಾಗದಿದ್ದರೆ, ಕಚ್ಚು ಆಳವಾಗುತ್ತಿದ್ದರೆ, ಅನ್ನದ ಅಗುಳು ಸಿಕ್ಕಿ ಉಳಿಯುತ್ತಿದ್ದರೆ, ಹುಳುಕು ಹಿಡಿದಿದ್ದರೆ, ಅಥವಾ ನಕ್ಕಾಗ ಎದ್ದು ಕಂಡು ಮುಜುಗರವಾಗುತ್ತಿದ್ದರೆ ತುಂಬಿಸುವುದೇ ಸರಿ.

ಗ್ಲಾಸ್ ಅಯಾನೋಮರ್: ಜನ ಸಿಮೆಂಟ್ ಎನ್ನುವುದು

ಗಾಜಿನ ನಯವಾದ ಪುಡಿಯನ್ನೂ ಪಾಲಿಅಕ್ರಿಲಿಕ್ ಆಮ್ಲದ ದ್ರವವನ್ನೂ ಕಲಸಿ ಮಾಡುವ ಈ ಸಿಮೆಂಟನ್ನು ಇಂಗ್ಲೆಂಡಿನ ವಿಲ್ಸನ್ ಮತ್ತು ಕೆಂಟ್ ಎಂಬ ರಸಾಯನಶಾಸ್ತ್ರಜ್ಞರು ರೂಪಿಸಿ 1972ರಲ್ಲಿ ದಂತವೈದ್ಯರ ಮುಂದಿಟ್ಟರು. ಇದರ ದೊಡ್ಡ ಗುಣವೆಂದರೆ ಹಲ್ಲಿನ ಕ್ಯಾಲ್ಸಿಯಂ ಜೊತೆ ತಾನಾಗಿಯೇ ರಾಸಾಯನಿಕವಾಗಿ ಬೆಸೆದುಕೊಳ್ಳುವುದು. ನಡುವೆ ಬೇರೆ ಅಂಟು ಬೇಕಿಲ್ಲ, ಸ್ವಲ್ಪ ತೇವಕ್ಕೆ ಸೋಲುವುದಿಲ್ಲ. ಬಿಸಿಗೆ ಹಿಗ್ಗಿ ತಣ್ಣಗಾದಾಗ ಕುಗ್ಗುವ ಪ್ರಮಾಣದಲ್ಲಿ ಇದು ಹಲ್ಲಿಗೆ ಬಹಳ ಹತ್ತಿರ. ಕಾಫಿಗೆ ಮೊದಲು ತಣ್ಣೀರು ಕುಡಿದು, ಅದರ ಹಿಂದೆಯೇ ಹಬೆಯಾಡುವ ಲೋಟವನ್ನು ತುಟಿಗಿಡುವ ನಮ್ಮ ಅಭ್ಯಾಸವನ್ನು ನೆನೆದರೆ ಈ ಗುಣದ ಬೆಲೆ ಗೊತ್ತಾಗುತ್ತದೆ. ದಿನಕ್ಕೆ ನಾಲ್ಕೈದು ಸಲ ಹಿಗ್ಗಿ ಕುಗ್ಗುವುದರಲ್ಲಿ ಹಲ್ಲಿಗೂ ತುಂಬಿದ್ದಕ್ಕೂ ಹೊಂದಾಣಿಕೆ ಇಲ್ಲದಿದ್ದರೆ ಅಂಚು ಸಡಿಲವಾಗುತ್ತದೆ. ಜೊತೆಗೆ ಇದು ಫ್ಲೋರೈಡನ್ನು ಬಿಡುತ್ತದೆ. ಮೊದಲ ದಿನಗಳಲ್ಲಿ ಹೆಚ್ಚು, ಆಮೇಲೆ ಕಡಿಮೆ. ಫ್ಲೋರೈಡ್ ಪೇಸ್ಟಿನಿಂದ ಮತ್ತೆ ಸ್ವಲ್ಪ ಹೀರಿಕೊಳ್ಳುತ್ತದೆ.

ಕೊರತೆಗಳೂ ಇವೆ. ಬಣ್ಣ ಸುಣ್ಣದ ಕಲ್ಲಿನಂತೆ ಮಂಕಾಗಿದ್ದು ಹಲ್ಲಿನ ಮಿನುಗು ಬರುವುದಿಲ್ಲ; ಮೇಲ್ಮೈ ಕಾಲಕ್ರಮದಲ್ಲಿ ಒರಟಾಗಿ, ಬ್ರಷ್ಷಿಗೆ ಸವೆಯುತ್ತದೆ. ಆಮ್ಲಕ್ಕೂ ಇದು ಕರಗುತ್ತದೆ. ಹಾಗಾಗಿ ಹುಳಿತೇಗಿನ ತೊಂದರೆ ಹತೋಟಿಗೆ ಬಾರದವರಿಗೆ ಇದೊಂದನ್ನೇ ನಂಬುವುದು ಒಳ್ಳೆಯದಲ್ಲ.

ಕೈಯಲ್ಲಿ ಕಲಸುವ ಸಿಮೆಂಟಿನ ಹಣೆಬರಹ ಕಲಸುವವರ ಕೈಯಲ್ಲಿದೆ. ಅಮ್ಮನಿಗೆ ಹಾಕುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಕಾಗದದ ಹಾಳೆಯ ಮೇಲೆ ಒಂದು ಅಳತೆಚಮಚ ಪುಡಿ ಹಾಕಿ, ಅದನ್ನು ಎರಡು ಭಾಗ ಮಾಡಿ, ಬಾಟಲಿಯನ್ನು ನೆಟ್ಟಗೆ ತಲೆಕೆಳಗಾಗಿ ಹಿಡಿದು ದ್ರವದ ಹನಿ ಬೀಳಿಸಿ, ಪ್ಲಾಸ್ಟಿಕ್ಕಿನ ಚಿಕ್ಕ ಸಟ್ಟುಗದಿಂದ ಮಡಚಿ ಮಡಚಿ ಕಲಸಿದರು. ಮುದ್ದೆ ಮಿರಮಿರನೆ ಮಿಂಚುತ್ತಿರುವಾಗಲೇ ಎತ್ತಿ ಹಲ್ಲಿಗೆ ಒತ್ತಿದರು. "ಈ ಮಿಂಚು ಹೋದ ಮೇಲೆ ಹಾಕಿದರೆ ಅಂಟೋದಿಲ್ಲ, ಅಮ್ಮ," ಎಂದು ವೈದ್ಯೆ ಹೇಳಿದ್ದು ಸರಿಯಾದ ಮಾತು. ಮಿಂಚು ಆರಿದರೆ ಹಲ್ಲಿಗೆ ಬೆಸೆಯಬೇಕಾದ ಆಮ್ಲ ಆಗಲೇ ಪುಡಿಯೊಡನೆ ಬೆಸೆದು ಮುಗಿದಿದೆ ಎಂದರ್ಥ. ಪುಡಿ ಕಡಿಮೆಯಾಗಿ ತೆಳ್ಳಗಾದರೆ ಬೇಗ ಸವೆಯುತ್ತದೆ. ಪುಡಿ, ದ್ರವಗಳನ್ನು ಅಳತೆ ಮಾಡಿಯೇ ತುಂಬಿ, ಯಂತ್ರದಲ್ಲಿ ಅಲುಗಿಸಿ ಬಳಸುವ ಕ್ಯಾಪ್ಸೂಲಿನಲ್ಲಿ ಈ ಹೆಚ್ಚುಕಡಿಮೆ ಇರುವುದಿಲ್ಲ. ಬೆಲೆ ಮಾತ್ರ ಹೆಚ್ಚು. ಹಾಕಿದ ಮೇಲೆ ವಾರ್ನಿಷ್ ಅಥವಾ ವ್ಯಾಸಲೀನನ್ನು ಮೇಲೆ ಸವರುವುದು ಕಡ್ಡಾಯವೆಂದೇ ತಿಳಿಯಿರಿ, ಏಕೆಂದರೆ ಮೊದಲ ಗಂಟೆಗಳಲ್ಲಿ ಈ ಸಿಮೆಂಟು ನೀರು ಹೀರಿದರೂ ಕೆಡುತ್ತದೆ, ಒಣಗಿದರೂ ಬಿರಿಯುತ್ತದೆ.

ರೆಸಿನ್ ಬೆರೆತ ಗ್ಲಾಸ್ ಅಯಾನೋಮರ್

ಮೇಲೆ ಹೇಳಿದ ಸಿಮೆಂಟಿಗೇ ರೆಸಿನ್ ಎಂಬ ಪ್ಲಾಸ್ಟಿಕ್ ಬಗೆಯ ಅಂಟನ್ನು ಸ್ವಲ್ಪ ಸೇರಿಸಿ, ನೀಲಿ ದೀಪ ಹಿಡಿದೊಡನೆ ಗಟ್ಟಿಯಾಗುವಂತೆ ಮಾಡಿದ್ದು ಇದು. ಫ್ಯೂಜಿ 2 ಎಲ್‌ಸಿ ಎಂಬ ಹೆಸರನ್ನು ದವಾಖಾನೆಗಳಲ್ಲಿ ನೀವು ಕೇಳಿರಬಹುದು. ಆ ಎಲ್‌ಸಿ ಎಂದರೆ ಬೆಳಕಿನಿಂದ ಗಟ್ಟಿಯಾಗುವುದು ಎಂದು. ಬರಿಯ ಫ್ಯೂಜಿ 2 ಬೇರೆ, ಫ್ಯೂಜಿ 9 ಬೇರೆ, ಅವು ಹಳೆಯ ಬಗೆಯ ಸಿಮೆಂಟುಗಳು. ಹಲ್ಲಿಗೆ ತಾನೇ ಬೆಸೆಯುವ ಗುಣ, ಫ್ಲೋರೈಡ್ ಬಿಡುವ ಗುಣ ಇದರಲ್ಲೂ ಉಳಿದಿವೆ. ಇಪ್ಪತ್ತು ಸೆಕೆಂಡಿನ ಬೆಳಕಿಗೆ ಗಟ್ಟಿಯಾಗುವುದರಿಂದ ಎಂಜಲು ತಾಗುವ ಭಯ ಕಡಿಮೆ, ನೋಟವೂ ಮೊದಲನೆಯದಕ್ಕಿಂತ ಮೇಲು. ಒಸಡಿನಂಚಿನ ಸವೆತಗಳ ಮೇಲೆ ವರ್ಷಗಟ್ಟಲೆ ನಡೆದ ಪರೀಕ್ಷೆಗಳಲ್ಲಿ, ಉದುರದೆ ಉಳಿಯುವ ವಿಷಯದಲ್ಲಿ ಗ್ಲಾಸ್ ಅಯಾನೋಮರ್ ಕುಟುಂಬವು, ಮುಂದೆ ಹೇಳಲಿರುವ ಹಲ್ಲಿನ ಬಣ್ಣದ ಕಾಂಪೋಸಿಟಿಗೆ ಸರಿಸಮವಾಗಿ ಅಥವಾ ಅದಕ್ಕಿಂತ ಮುಂದೆ ನಿಂತಿದೆ. ಬಣ್ಣ ಮತ್ತು ನುಣುಪಿನಲ್ಲಿ ಕಾಂಪೋಸಿಟ್ ಮುಂದಿದೆ.

ನನ್ನ ಬಾಯಲ್ಲಿ ನಾಲ್ಕು ವರ್ಷದಿಂದ ಉಳಿದಿರುವುದು ಇದೇ. ಹತ್ತಿರದಿಂದ ನೋಡಿದರೆ ಹಲ್ಲಿಗಿಂತ ಸ್ವಲ್ಪ ಹಳದಿಗೆ ತಿರುಗಿರುವುದು ಕಾಣುತ್ತದೆ, ಮಾತನಾಡುವಾಗ ಎದುರಿನವರಿಗೆ ಕಾಣದು. ಒಸಡಿನಂಚಿನ ಸಾಮಾನ್ಯ ಸವೆತಕ್ಕೆ, ತೀರಾ ಮುಂದಿನ ಹಲ್ಲಲ್ಲದಿದ್ದರೆ, ನಾನು ಮೊದಲು ವಿಚಾರಿಸುವುದು ಇದನ್ನೇ. ಹಾಕುವ ಮೊದಲು ಹಲ್ಲಿನ ಮೇಲೆ ಕಂಡಿಷನರ್ ಎಂಬ ದುರ್ಬಲ ಆಮ್ಲವನ್ನು ಹತ್ತಿಪ್ಪತ್ತು ಸೆಕೆಂಡು ಸವರಿ ತೊಳೆಯುತ್ತಾರೆ. ಅವಸರದಲ್ಲಿ ಇದನ್ನು ಬಿಟ್ಟರೆ ಬೆಸುಗೆ ಕುಂದುತ್ತದೆ, ಆದ್ದರಿಂದ ಕೇಳಲು ಹಿಂಜರಿಯಬೇಡಿ.

ಕಾಂಪೋಸಿಟ್: ಚೆಲುವಿನದು, ಶಿಸ್ತು ಬೇಡುವುದು

ರೆಸಿನ್ನಿನಲ್ಲಿ ಗಾಜಿನ ಕಣಗಳನ್ನು ತುಂಬಿ ಮಾಡಿದ, ಹಲ್ಲಿನ ಬಣ್ಣಕ್ಕೆ ಹೊಂದುವ, ಹೊಳಪು ಕೊಡಬಹುದಾದ ವಸ್ತು ಇದು. ಅಮೆರಿಕದ ಬೋವೆನ್ 1962ರಲ್ಲಿ ಪೇಟೆಂಟ್ ಪಡೆದ ರೆಸಿನ್ನಿನಿಂದ ಇದರ ಕಥೆ ಆರಂಭವಾಗುತ್ತದೆ. ಇದು ಹಲ್ಲಿಗೆ ತಾನಾಗಿ ಅಂಟುವುದಿಲ್ಲ. ಆಮ್ಲದಿಂದ ಹಲ್ಲಿನ ಮೇಲ್ಮೈಯನ್ನು ತರಿತರಿ ಮಾಡಿ, ಬಾಂಡಿಂಗ್ ದ್ರವ ಸವರಿ, ಗಾಳಿಯೂದಿ, ಬೆಳಕು ಹಿಡಿದು, ಅದರ ಮೇಲೆ ಕಾಂಪೋಸಿಟನ್ನು ಕೂರಿಸಬೇಕು. ಆ ಬೆಸುಗೆ ಎನಾಮಲ್ ಕಡೆ ಗಟ್ಟಿ, ಬೇರಿನ ಕಡೆ ದುರ್ಬಲ. ಗಟ್ಟಿಯಾಗುವಾಗ ಕಾಂಪೋಸಿಟ್ ಶೇಕಡಾ 2ರಿಂದ 3ರಷ್ಟು ಕುಗ್ಗುತ್ತದೆ. ಹಾಗೆ ಕುಗ್ಗುವಾಗ ಗಟ್ಟಿಯಾಗಿ ಹಿಡಿದ ಎನಾಮಲ್ ಕಡೆಗೆ ತನ್ನನ್ನು ಎಳೆದುಕೊಂಡು, ಒಸಡಿನ ಕಡೆಯ ಅಂಚಿನಲ್ಲಿ ಕೂದಲೆಳೆಯಷ್ಟು ಸಂದು ಬಿಡಬಹುದು. ಕಾಫಿಯ ಎರಡನೆಯ ಸಂಬಂಧ ಇಲ್ಲಿಯದು. ಆ ಸಂದಿನಲ್ಲಿ ಕಾಫಿಯ, ಎಲೆಯಡಿಕೆಯ ಬಣ್ಣ ಇಳಿದು ಕಂದು ಗೆರೆ ಮೂಡುತ್ತದೆ. ಎಲ್ಲ ಕಂದು ಗೆರೆಯೂ ಹುಳುಕಲ್ಲ. ಎಷ್ಟೋ ಸಲ ಅಂಚನ್ನು ಉಜ್ಜಿ ಹೊಳಪು ಕೊಟ್ಟರೆ ಹೋಗುತ್ತದೆ, ಕಿತ್ತು ಹೊಸದಾಗಿ ತುಂಬಬೇಕಿಲ್ಲ.

ಕುಗ್ಗುವಿಕೆಯ ಎಳೆತ ಕಡಿಮೆಯಾಗಲಿ ಎಂದು ಎರಡು ಮಿಲಿಮೀಟರಿಗಿಂತ ದಪ್ಪವಿಲ್ಲದ ಪದರಗಳಾಗಿ ಹಾಕಿ, ಒಂದೊಂದಕ್ಕೂ ಬೆಳಕು ಹಿಡಿಯುವುದು ಒಳ್ಳೆಯ ಕ್ರಮ. ಟ್ಯೂಬಿನಿಂದ ಜೇನಿನಂತೆ ಹರಿಯುವ ತೆಳುವಾದ ಕಾಂಪೋಸಿಟೂ ಇದೆ: ಆಳವಿಲ್ಲದ ಕಚ್ಚಿಗೆ ಸುಲಭವಾಗಿ ಕೂರುತ್ತದೆ, ಬಾಗುವ ಗುಣವಿದೆ, ಆದರೆ ಹೆಚ್ಚು ಕುಗ್ಗುತ್ತದೆ, ಬೇಗ ಸವೆಯುತ್ತದೆ. ವರ್ಷಗಳಿಂದ ಸವೆದು ಗಾಜಿನಂತೆ ಹೊಳೆಯುವ, ಹಳದಿಯಾಗಿ ಗಟ್ಟಿಗಟ್ಟಿದ ಡೆಂಟಿನ್ನಿಗೆ ಬಾಂಡಿಂಗ್ ಸರಿಯಾಗಿ ಹಿಡಿಯುವುದಿಲ್ಲ. ಅಂಥ ಕಡೆ ಮೇಲ್ಮೈಯನ್ನು ಬರ್ ಎಂಬ ಕೊರೆಯುವ ಮೊನೆಯಿಂದ ಸ್ವಲ್ಪ ಒರಟು ಮಾಡಿಕೊಳ್ಳಬೇಕು.

ನನ್ನ ಮೊದಲ ಫಿಲ್ಲಿಂಗ್ ಉದುರಿದ್ದು ಕಾಂಪೋಸಿಟಿನ ದೋಷದಿಂದಲ್ಲ ಎಂದು ಈಗ ತಿಳಿದಿದೆ. ಆ ದಿನ ನನ್ನ ಒಸಡು ಊದಿತ್ತು, ಮುಟ್ಟಿದರೆ ರಕ್ತ ಬರುತ್ತಿತ್ತು. ಹತ್ತಿಯುಂಡೆ ಇಟ್ಟು, ಒರೆಸಿ ಒರೆಸಿ, ಇಪ್ಪತ್ತು ನಿಮಿಷದಲ್ಲಿ ಎರಡೂ ಹಲ್ಲು ಮುಗಿಸಿ ಕಳುಹಿಸಿದರು. ಉದುರಿದ ಚೂರನ್ನು ಅಂಗೈಯಲ್ಲಿಟ್ಟು ನೋಡಿದಾಗ, ಅದರ ಒಳಮೈ ಬಟಾಣಿ ಸಿಪ್ಪೆಯ ಒಳಮೈಯಂತೆ ನುಣ್ಣಗಿತ್ತು. ಹಲ್ಲನ್ನು ಅದು ಹಿಡಿದೇ ಇರಲಿಲ್ಲ. ಎರಡನೆಯ ಕಡೆ ಮೊದಲು ಹಲ್ಲು ಕ್ಲೀನ್ ಮಾಡಿ, ಎರಡು ವಾರ ಮೃದುವಾದ ಬ್ರಷ್ಷಿನಲ್ಲಿ ಉಜ್ಜಲು ಹೇಳಿ, ಒಸಡು ಗುಣವಾದ ಮೇಲೆಯೇ ಕೆಲಸಕ್ಕೆ ಕೈಹಾಕಿದರು. ಒಸಡಿನ ಸಂದಿಗೆ ಔಷಧಿಯಲ್ಲಿ ಅದ್ದಿದ ಸಣ್ಣ ದಾರವನ್ನು ತುರುಕಿ ಅದನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡರು. ಯಾವ ವಸ್ತುವಾದರೂ ಈ ಎರಡು ವಾರ ಮತ್ತು ಆ ಗೇಣುದ್ದವೂ ಇಲ್ಲದ ದಾರ ಬೇಕು. ಕಾಂಪೋಸಿಟಿಗಂತೂ ಬೇಕೇ ಬೇಕು, ಎಂಜಲು ತಾಗದಂತೆ ಹಲ್ಲಿನ ಸುತ್ತ ಹಿಡಿಸುವ ರಬ್ಬರ್ ಹಾಳೆಯನ್ನು, ಅಂದರೆ ರಬ್ಬರ್ ಡ್ಯಾಮನ್ನು, ಕಟ್ಟಿದರೆ ಇನ್ನೂ ಒಳ್ಳೆಯದು.

ಉಳಿದವುಗಳನ್ನು ಬೇಗ ಹೇಳಿ ಮುಗಿಸಬಹುದು. ಬೆಳ್ಳಿ ಫಿಲ್ಲಿಂಗ್ ಎನ್ನುವ ಅಮಾಲ್ಗಮ್ ಹಲ್ಲಿಗೆ ಅಂಟುವುದೇ ಇಲ್ಲ, ಅದನ್ನು ನಿಲ್ಲಿಸಲು ಸವೆದ ಹಲ್ಲನ್ನು ಇನ್ನಷ್ಟು ಕೊರೆಯಬೇಕು. ಅದರಲ್ಲಿ ಪಾದರಸವಿದೆ, ಪಾದರಸದ ಬಳಕೆ ತಗ್ಗಿಸುವ 2013ರ ಮಿನಮಾಟ ಒಪ್ಪಂದವನ್ನು ಭಾರತ 2018ರಲ್ಲಿ ಅನುಮೋದಿಸಿದೆ. ಈ ಜಾಗಕ್ಕೆ ಅದನ್ನು ಒಪ್ಪಿಕೊಳ್ಳಬೇಕಾದ ಕಾರಣ ನನಗೆ ಕಾಣುವುದಿಲ್ಲ. ಕಾಂಪೋಮರ್ ಎಂಬುದು ಹೆಸರಿನಲ್ಲಿ ಕಾಂಪೋಸಿಟ್ ಮತ್ತು ಗ್ಲಾಸ್ ಅಯಾನೋಮರ್ ಎರಡರ ಮಿಶ್ರಣವಾದರೂ ಗುಣದಲ್ಲಿ ಕಾಂಪೋಸಿಟಿಗೇ ಹತ್ತಿರ, ಅದಕ್ಕೂ ಬಾಂಡಿಂಗ್ ಬೇಕು. ಆಳವಾದ ಕಚ್ಚುಗಳಲ್ಲಿ ಕೆಳಗೆ ಗ್ಲಾಸ್ ಅಯಾನೋಮರ್, ಮೇಲೆ ಕಾಂಪೋಸಿಟ್ ಹಾಕುವ ಕ್ರಮವಿದ್ದು, ಬೇರಿನ ಕಡೆ ಅಂಟು, ಹೊರಗೆ ಚೆಲುವು ಎರಡೂ ಸಿಗುತ್ತವೆ.

ನಿಮ್ಮ ಹಲ್ಲಿಗೆ ಹೊಂದಿಸಿಕೊಳ್ಳುವುದು

ಅಮ್ಮನಿಗೆ ಎಪ್ಪತ್ತೆರಡು ವರ್ಷ, ಬಿಪಿ ಮಾತ್ರೆಯಿಂದ ಬಾಯಿ ಒಣಗುತ್ತದೆ, ಎಲೆಯಡಿಕೆ ಬಿಟ್ಟಿಲ್ಲ, ಕೆಳದವಡೆಯ ಬೇರುಗಳಲ್ಲಿ ಹುಳುಕು ಶುರುವಾಗಿದೆ, ಹೆಚ್ಚು ಹೊತ್ತು ಬಾಯಿ ತೆರೆದಿರಲು ಆಗುವುದಿಲ್ಲ. ಅಂಥವರಿಗೆ ಬೇಗ ಮುಗಿಯುವ, ತೇವ ತಡೆಯುವ, ಫ್ಲೋರೈಡ್ ಬಿಡುವ ಗ್ಲಾಸ್ ಅಯಾನೋಮರೇ ಸೂಕ್ತ. ನಾಲ್ಕೈದು ವರ್ಷಕ್ಕೆ ಸವೆದರೂ ಅದರ ಮೇಲೆಯೇ ತುಂಬಿಸಬಹುದು. ಮೇಲಿನ ಕೋರೆಹಲ್ಲಿನಲ್ಲಿ ಸವೆತವಿರುವ, ಒಸಡು ಆರೋಗ್ಯವಾಗಿರುವ, ಕಚ್ಚಿನ ಮೇಲಂಚಿನಲ್ಲಿ ಎನಾಮಲ್ ಉಳಿದಿರುವ ಮೂವತ್ತು ವರ್ಷದವರಿಗೆ ಕಾಂಪೋಸಿಟ್ ಹೇಳಿ ಮಾಡಿಸಿದ್ದು. ಹಿಂದಿನ ಹಲ್ಲಾಗಿದ್ದು, ಕಚ್ಚಿನ ಒಂದಂಚು ಬೇರಿನ ಮೇಲೆ, ಒಸಡಿನ ಹತ್ತಿರಕ್ಕೆ ಹೋಗಿದ್ದರೆ ರೆಸಿನ್ ಬೆರೆತದ್ದು. ರಾತ್ರಿ ಹಲ್ಲು ಕಡಿಯುವವರು ಯಾವುದನ್ನು ಹಾಕಿಸಿದರೂ ಮಲಗುವಾಗ ಹಲ್ಲಿಗೆ ತೊಡುವ ಕವಚವಾದ ನೈಟ್ ಗಾರ್ಡನ್ನೂ ಮಾಡಿಸಬೇಕು. ಹಲ್ಲು ಬಿಳಿ ಮಾಡಿಸುವ ಆಸೆಯಿದ್ದರೆ ಅದನ್ನು ಮೊದಲು ಮುಗಿಸಿ, ಎರಡು ವಾರ ಬಿಟ್ಟು ಕಾಂಪೋಸಿಟ್ ಹಾಕಿಸಿ, ಏಕೆಂದರೆ ಫಿಲ್ಲಿಂಗ್ ಆಮೇಲೆ ಬಿಳಿಯಾಗುವುದಿಲ್ಲ.

ಸಾಮಾನ್ಯವಾಗಿ ಗ್ಲಾಸ್ ಅಯಾನೋಮರ್ ಅಗ್ಗ, ಕಾಂಪೋಸಿಟ್ ದುಬಾರಿ, ರೆಸಿನ್ ಬೆರೆತದ್ದು ನಡುವಿನದು. ಹೆಚ್ಚು ಬೆಲೆಯದೇ ಹೆಚ್ಚು ಬಾಳುತ್ತದೆ ಎಂಬ ಲೆಕ್ಕ ಈ ಜಾಗಕ್ಕೆ ಹೊಂದುವುದಿಲ್ಲ. ಖರ್ಚು ಹೊರೆಯಾದರೆ ಹಾಸನದ ಹಾಸನಾಂಬ ದಂತ ಕಾಲೇಜಿನಂಥ ಕಡೆ ವಿಚಾರಿಸಬಹುದು. ಕಾಲೇಜುಗಳಲ್ಲಿ ಹೆಚ್ಚು ಹೊತ್ತು ಹಿಡಿಯುತ್ತದೆ, ಆದರೆ ಒಸಡಿನಂಚಿನ ಕೆಲಸಕ್ಕೆ ಬೇಕಾದದ್ದೂ ಆ ಹೊತ್ತೇ.

ಆ ದಿನ ಮತ್ತು ಆಮೇಲೆ

ಬಣ್ಣವನ್ನು ಕುರ್ಚಿಯಲ್ಲಿ ಕೂತ ಕೂಡಲೇ, ಹಲ್ಲು ಎಂಜಲಿನಿಂದ ಒದ್ದೆಯಾಗಿರುವಾಗಲೇ, ಕಿಟಕಿಯ ಬೆಳಕಿನಲ್ಲಿ ಆರಿಸಲು ಹೇಳಿ. ಒಣಗಿದ ಹಲ್ಲು ಹೆಚ್ಚು ಬೆಳ್ಳಗೆ ಕಂಡು ಮೋಸ ಮಾಡುತ್ತದೆ. ಮುಗಿದ ಮೇಲೆ ನಾಲಗೆಯಿಂದಲ್ಲ, ಉಗುರಿನಿಂದಲೇ ಅಂಚನ್ನು ಮುಟ್ಟಿ ನೋಡಿ. ಒಸಡಿನ ಕಡೆ ತೊಡಕು ಸಿಕ್ಕರೆ ಅಲ್ಲೇ ಹೇಳಿ ನುಣುಪು ಮಾಡಿಸಿ, ಏಕೆಂದರೆ ಹೊರಚಾಚಿದ ಅಂಚು ಕಸ ಹಿಡಿದು ಒಸಡನ್ನು ಊದಿಸುತ್ತದೆ. ಗ್ಲಾಸ್ ಅಯಾನೋಮರ್ ಹಾಕಿಸಿದ ದಿನ ಆ ಬದಿಯಲ್ಲಿ ಗಟ್ಟಿಯಾದದ್ದನ್ನು ಅಗಿಯಬೇಡಿ, ಹುಳಿ ಮತ್ತು ಎಲೆಯಡಿಕೆಯನ್ನು ಒಂದು ದಿನ ದೂರವಿಡಿ. ಹುಳಿಯಾದದ್ದನ್ನು ತಿಂದೊಡನೆ ಯಾವತ್ತೂ ಬ್ರಷ್ ಹಿಡಿಯದೆ, ನೀರಿನಿಂದ ಮುಕ್ಕಳಿಸಿ, ಅರ್ಧ ಗಂಟೆ ಕಳೆದ ಮೇಲೆ ಉಜ್ಜಿ. ಮುಂದೆ ಬೇರೆ ಕಡೆ ಫ್ಲೋರೈಡ್ ಜೆಲ್ ಹಚ್ಚುವಾಗ ಬಾಯಲ್ಲಿ ಗ್ಲಾಸ್ ಅಯಾನೋಮರ್ ಇದೆ ಎಂದು ತಿಳಿಸಿ. ಆಮ್ಲ ಬೆರೆತ ಜೆಲ್ ಅದರ ಮೇಲ್ಮೈಯನ್ನು ಕೆಡಿಸುತ್ತದೆ.

ಬಿಲ್ಲಿನ ಹಿಂದೆ ಹಲ್ಲಿನ ಸಂಖ್ಯೆ, ವಸ್ತುವಿನ ಹೆಸರು, ಬಣ್ಣದ ಗುರುತು, ದಿನಾಂಕ ಈ ನಾಲ್ಕನ್ನೂ ಬರೆಸಿಕೊಳ್ಳಿ. ನನ್ನ ಚೀಟಿಯಲ್ಲಿ 24, 25 ಎಂದಿದೆ, ಅಂದರೆ ಮೇಲಿನ ಎಡಗಡೆಯ ನಾಲ್ಕು ಮತ್ತು ಐದನೆಯ ಹಲ್ಲುಗಳು. ಅದರ ಮುಂದೆ ಎ3 ಎಂದು ಬಣ್ಣ. ಆರು ತಿಂಗಳಿಗೊಮ್ಮೆ ತೋರಿಸಲು ಹೋದಾಗ ನಾನು ಮೊದಲು ಕೈಗೆ ಕೊಡುವುದು ಆ ಚೀಟಿಯನ್ನೇ.